ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ: ಸ್ಕ್ರೂ ಬಿಚ್ಚುವ ಮೊದಲು ಮಾಡಬೇಕಾದ್ದೇ ಜಾಸ್ತಿ

ತೀರ್ಥಹಳ್ಳಿಯಲ್ಲಿ ನಮ್ಮ ಮಾವನ ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅಂತ ಹೆಸರಿಗೆ, ಮದುವೆ ಪತ್ರಿಕೆ, ಡಿಟಿಪಿ, ಅರ್ಜಿ ಟೈಪಿಂಗ್ ಎಲ್ಲವೂ ನಡೆಯುತ್ತದೆ. ಅಲ್ಲಿನ ಕಂಪ್ಯೂಟರನ್ನು 2013ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಐ3-3220 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬೆಳಿಗ್ಗೆ ಶಟರ್ ಎತ್ತಿ ಸ್ವಿಚ್ ಒತ್ತಿದರೆ, ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಎದುರಿನ ಹೋಟೆಲಿನ ಕಾಫಿ ಕುಡಿದು ಲೋಟ ಇಡುವ ಹೊತ್ತಿಗೆ ಮೌಸ್ ಮಾತು ಕೇಳಲು ಶುರು ಮಾಡುತ್ತಿತ್ತು. ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ನೋಡಿದೆ: ಡೆಸ್ಕ್‌ಟಾಪ್ ಕಾಣಿಸುವುದಕ್ಕೇ 2 ನಿಮಿಷ 40 ಸೆಕೆಂಡ್.

"ಇನ್ನು ಹೊಸದೇ ತಗೋಬೇಕು ಮಾರಾಯ" ಅಂದರು ಮಾವ.

"ಸ್ವಲ್ಪ ತಡೀರಿ ಮಾವ, ಡಿಸ್ಕ್ ಒಂದು ಬದಲಾಯಿಸಿ ನೋಡೋಣ" ಅಂದೆ.

ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಫೈಲು ಇಡುವ ಡಿಸ್ಕ್, ಹಾಕಿದೆ. ಈಗ ಅದೇ ಡಬ್ಬ 24 ಸೆಕೆಂಡಿಗೆ ತೆರೆದುಕೊಳ್ಳುತ್ತದೆ. ಅದನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ಬರೆಯುತ್ತೇನೆ. ನಿಮ್ಮ ಮನೆಯದ್ದೂ ಆಸುಪಾಸಿನ ಕಾಲದ ಸಿಸ್ಟಮ್ ಆಗಿದ್ದರೆ ಹೆಚ್ಚುಕಮ್ಮಿ ಇದೇ ದಾರಿ.

ನಿಧಾನ ಆಗುವುದು ಯಾಕೆ

ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್‌ಡಿಸ್ಕ್ ಒಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಬೇಕಾದ ಜಾಗಕ್ಕೆ ಮುಳ್ಳು ಸರಿಯಬೇಕು, ಆಮೇಲೆ ಆ ಜಾಗ ಮುಳ್ಳಿನ ಕೆಳಗೆ ಬರುವ ತನಕ ಕಾಯಬೇಕು. ಹೀಗಾಗಿ ಚದುರಿಬಿದ್ದ ಸಣ್ಣ ಫೈಲುಗಳನ್ನು ಹುಡುಕಿ ತರುವುದಾದರೆ ಸೆಕೆಂಡಿಗೆ ನೂರರ ಆಸುಪಾಸು ಅಷ್ಟೇ. ವಿಂಡೋಸ್ ಶುರುವಾಗುವಾಗ ಬೇಕಾಗುವುದೆಲ್ಲ ಇಂಥ ಸಣ್ಣ ಸಣ್ಣ ಫೈಲುಗಳೇ, ಅದೂ ಸಾವಿರಗಟ್ಟಲೆ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಇದೇ ಕೆಲಸವನ್ನು ಅದು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ.

ಪಕ್ಕದ ಅಂಗಡಿಯವರು ಮಾವನಿಗೆ ಒಂದು ಹುಳ ಬಿಟ್ಟಿದ್ದರು: "ನಿಮ್ಮದು ಎಚ್61 ಬೋರ್ಡು, ಅದರಲ್ಲಿ ಸಾಟಾ 2 ಪೋರ್ಟ್ ಮಾತ್ರ. ಎಸ್‌ಎಸ್‌ಡಿ ಹಾಕಿದ್ರೂ ಅರ್ಧ ಸ್ಪೀಡು, ದುಡ್ಡು ದಂಡ." ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಕಿಂಡಿ. ಅವರ ಮಾತಿನ ಮೊದಲ ಅರ್ಧ ನಿಜ. ಎಚ್61ರಲ್ಲಿ ಇರುವುದು 3 ಗಿಗಾಬಿಟ್ ಪೋರ್ಟ್‌ಗಳೇ, ಅದರಲ್ಲಿ ಸೆಕೆಂಡಿಗೆ 270 ಎಂಬಿ ಆಸುಪಾಸು ಹರಿಯುತ್ತದೆ. 6 ಗಿಗಾಬಿಟ್‌ನ ಸಾಟಾ 3 ಆದರೆ 550ರ ತನಕ ಹೋಗುತ್ತದೆ. ಆದರೆ ಈ ಅಂಕಿ ಬರುವುದು ಒಂದು ದೊಡ್ಡ ಸಿನಿಮಾ ಫೈಲನ್ನು ಒಂದೇ ಉಸಿರಿಗೆ ಕಾಪಿ ಮಾಡುವಾಗ. ಸಣ್ಣ ಫೈಲುಗಳನ್ನು ಒಂದೊಂದಾಗಿ ಓದುವಾಗ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಕೆಲವು ಹತ್ತು ಎಂಬಿ ಮಾತ್ರ ಕೊಡುತ್ತದೆ. ಅಷ್ಟಕ್ಕೆ ಸಾಟಾ 2 ಪೈಪು ಧಾರಾಳ ಸಾಕು. ಹಾರ್ಡ್‌ಡಿಸ್ಕ್ ಅದೇ ಕೆಲಸದಲ್ಲಿ ಒಂದು ಎಂಬಿ ದಾಟಲೂ ಒದ್ದಾಡುತ್ತದೆ. ಹಾಗಾಗಿ ಪೋರ್ಟ್ ಹಳೇದು ಅನ್ನುವ ಕಾರಣಕ್ಕೆ ಹಿಂಜರಿಯಬೇಡಿ.

ಏನು ಕೊಳ್ಳಬೇಕು

2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಇಸ್ಪೀಟ್ ಕಟ್ಟಿಗಿಂತ ತೆಳ್ಳಗಿನ ಡಬ್ಬಿ. ಅಂಗಡಿಯಲ್ಲಿ ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯ ಎಸ್‌ಎಸ್‌ಡಿ ತೋರಿಸಿ "ಇದು ಇನ್ನೂ ಫಾಸ್ಟು ಸರ್, ರೇಟೂ ಅಷ್ಟೇ" ಅನ್ನುತ್ತಾರೆ. ಅದು ಚೂಯಿಂಗ್ ಗಮ್ ಪಟ್ಟಿಯಂತೆ ಉದ್ದಕ್ಕೆ ಇರುತ್ತದೆ, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಹಳೇ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಅಡಾಪ್ಟರ್ ಕಾರ್ಡ್ ಹಾಕಿ ಕೂರಿಸಿದರೂ ಆ ಕಾಲದ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಎನ್‌ವಿಎಂಇ ಅಂದರೆ ಏನಂತಲೇ ಗೊತ್ತಿಲ್ಲ. ವಿಂಡೋಸ್ ಒಳಗೆ ಹೋದ ಮೇಲೆ ಡ್ರೈವ್ ಕಾಣಿಸುತ್ತದೆ, ಅದರಿಂದ ಬೂಟ್ ಮಾತ್ರ ಆಗುವುದಿಲ್ಲ, ಅಂದರೆ ವಿಂಡೋಸ್ ಅದರಿಂದ ಶುರುವಾಗುವುದಿಲ್ಲ. ಬಯೋಸ್ ತಿದ್ದಿ ಬರೆದು ಮಾಡಿಸಿಕೊಂಡವರಿದ್ದಾರೆ. ಅಂಗಡಿ ನಡೆಸುವ ಕಂಪ್ಯೂಟರಿನಲ್ಲಿ ಆ ಸರ್ಕಸ್ ಬೇಡ.

ಸೈಜ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹಳೇ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಯೋಚನೆ ಇದ್ದರೆ 480 ಜಿಬಿ ತರಬೇಡಿ, 500 ತನ್ನಿ. ಕ್ಲೋನ್‌ಝಿಲ್ಲಾದಂಥ ಸಾಫ್ಟ್‌ವೇರ್ ಹೊಸ ಡಿಸ್ಕ್ ಹಳೇದಕ್ಕಿಂತ ಚಿಕ್ಕದಾಗಿದ್ದರೆ ಸುಲಭಕ್ಕೆ ಒಪ್ಪುವುದಿಲ್ಲ. ಹಳೇದು 500, ಅದರಲ್ಲಿ ತುಂಬಿರುವುದು ಬರೀ 100 ಆಗಿದ್ದರೂ ಅದು ಪಾರ್ಟಿಷನ್ (ಡಿಸ್ಕಿನ ವಿಭಾಗ) ಗಡಿ ನೋಡಿಯೇ ತಕರಾರು ತೆಗೆಯುತ್ತದೆ. ಹೊಸದಾಗಿ ವಿಂಡೋಸ್ ಹಾಕುವುದಾದರೆ 240 ಕೂಡ ನಡೆಯುತ್ತದೆ. ಫೋಟೋ, ವಿಡಿಯೋಗೆ ಹೇಗೂ ಹಳೇ ಡಿಸ್ಕ್ ಇದೆಯಲ್ಲ.

"ಎಸ್‌ಎಸ್‌ಡಿ ಬೇಗ ಸವೆಯುತ್ತಂತೆ" ಅನ್ನುವ ಭಯ ಇನ್ನೂ ಹಲವರಿಗಿದೆ. ಲೆಕ್ಕ ಹಾಕಿ ನೋಡಿ. ಕ್ರೂಶಿಯಲ್ ಎಂಎಕ್ಸ್500ರ 500 ಜಿಬಿ ಮಾದರಿಗೆ ಕಂಪನಿ ಹೇಳುವ ಬರವಣಿಗೆಯ ಮಿತಿ 180 ಟೆರಾಬೈಟ್. ಸ್ಯಾಮ್‌ಸಂಗ್ 870 ಇವೊದ ಅದೇ ಸೈಜಿಗೆ 300. ದಿನಕ್ಕೆ 20 ಜಿಬಿ ಬರೆದರೂ 180 ಟೆರಾಬೈಟ್ ಮುಗಿಯುವುದಕ್ಕೆ 9000 ದಿನ ಬೇಕು, ಅಂದರೆ 24 ವರ್ಷಕ್ಕೂ ಜಾಸ್ತಿ. ಜೆರಾಕ್ಸ್ ಅಂಗಡಿಯಲ್ಲಿ ದಿನಕ್ಕೆ 20 ಜಿಬಿ ಯಾರು ಬರೆಯುತ್ತಾರೆ? ತೀರಾ ಅಗ್ಗದ ಡ್ರೈವ್‌ಗಳಲ್ಲಿ ಒಳಗೆ ವೇಗದ ಮೆಮೊರಿಯಾದ ಡಿರ‍್ಯಾಮ್ ಇರುವುದಿಲ್ಲ. ದೊಡ್ಡ ಫೈಲು ಬರೆಯುವಾಗ ಅವು ಸ್ವಲ್ಪ ಏದುಸಿರು ಬಿಡುತ್ತವೆ, ಆದರೂ ಹಾರ್ಡ್‌ಡಿಸ್ಕ್‌ಗಿಂತ ಎಷ್ಟೋ ವಾಸಿ. ನಾನು ನೋಡುವುದು ವಾರಂಟಿ. ಮೂರು ವರ್ಷದ್ದು ಮತ್ತು ಐದು ವರ್ಷದ್ದರ ನಡುವೆ ರೇಟು ಸ್ವಲ್ಪವೇ ಹೆಚ್ಚಾದರೆ ಐದರದ್ದನ್ನೇ ತೆಗೆದುಕೊಳ್ಳುತ್ತೇನೆ. ಹೆಸರೇ ಕೇಳದ ಕಂಪನಿಯ 2 ಟಿಬಿ ಎಸ್‌ಎಸ್‌ಡಿ ಪುಡಿಗಾಸಿಗೆ ಸಿಗುತ್ತಿದೆ ಅಂದರೆ ಅದರೊಳಗೆ ಏನಿದೆ ಅಂತ ಹೇಳುವುದೇ ಬೇಡ.

ಡ್ರೈವ್ ಜೊತೆಗೆ ಒಂದು ಸಾಟಾ ಡೇಟಾ ಕೇಬಲ್, 2.5 ಇಂಚನ್ನು 3.5 ಇಂಚಿನ ಜಾಗಕ್ಕೆ ಕೂರಿಸುವ ಬ್ರಾಕೆಟ್, ಮತ್ತು ಒಂದು ಸಿಆರ್2032 ಬಟನ್ ಸೆಲ್ ತನ್ನಿ. ಸೆಲ್ ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಾನು ತಂದಿರಲಿಲ್ಲ.

ಹಳೇ ಡಿಸ್ಕಿನ ಆರೋಗ್ಯ ಮತ್ತು ಬ್ಯಾಕಪ್

ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಹಳೇ ಡಿಸ್ಕಿನ ಸ್ಥಿತಿ ನೋಡಿ. ನೀಲಿ ಬಣ್ಣದಲ್ಲಿ "ಗುಡ್" ಅಂತ ಇದ್ದರೆ ಸರಿ. ಹಳದಿ ಇದ್ದರೆ "ಕರೆಂಟ್ ಪೆಂಡಿಂಗ್ ಸೆಕ್ಟರ್" ಅನ್ನುವ ಸಾಲು ಹುಡುಕಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದರೂ ಇದ್ದರೆ ಡಿಸ್ಕ್ ಕೆಲವು ಜಾಗಗಳನ್ನು ಓದಲಾಗದೆ ಒದ್ದಾಡುತ್ತಿದೆ ಅಂತ ಅರ್ಥ. ಅಂಥದ್ದನ್ನು ಸೀದಾ ನಕಲು ಮಾಡಲು ಕೂರಬೇಡಿ. ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೋ ಬೇರೆ ಡಿಸ್ಕಿಗೋ ಎತ್ತಿಕೊಳ್ಳಿ.

ಬ್ಯಾಕಪ್ ಅಂದಾಗ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಾಗುತ್ತದೆ. ನಮ್ಮ ಕಡೆಯ ಅಂಗಡಿ, ಆಫೀಸುಗಳಲ್ಲಿ ಮರೆತುಹೋಗುವುದು ಎರಡು. ಒಂದು, ಟ್ಯಾಲಿಯ ಡೇಟಾ ಫೋಲ್ಡರ್. ಅದು ಎಷ್ಟೋ ಕಡೆ ಸಿ ಡ್ರೈವ್‌ನಲ್ಲಿ ಟ್ಯಾಲಿಯ ಪಕ್ಕದಲ್ಲೇ ಕೂತಿರುತ್ತದೆ. ಇನ್ನೊಂದು, ಕನ್ನಡದ ಫಾಂಟುಗಳು. ಯೂನಿಕೋಡ್ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದಿದ್ದರೆ "ಚಿ. ಸೌ." ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಕಿಚಡಿ. ಮಾವನ ಹತ್ತಿರ ಹತ್ತು ವರ್ಷದ ಮದುವೆ ಪತ್ರಿಕೆಗಳಿವೆ, ಎಲ್ಲವೂ ಪೇಜ್‌ಮೇಕರಿನಲ್ಲಿ, ನುಡಿ ಫಾಂಟಿನಲ್ಲಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತ ಇದೆ, ಅಲ್ಲಿಂದ ಕನ್ನಡದವನ್ನೆಲ್ಲ ಆರಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಕಲು ಮಾಡುವವರಿಗೂ ಈ ಮಾತು ಅನ್ವಯ, ನಕಲು ಕೈಕೊಟ್ಟರೆ ಗತಿ ಬೇಕಲ್ಲ.

ನಕಲೋ, ಹೊಸದಾಗಿ ಹಾಕುವುದೋ

ಮನೆ ಬಳಕೆಗೆ ಆದರೆ ಹೊಸದಾಗಿ ವಿಂಡೋಸ್ ಹಾಕಿ. ಹತ್ತು ವರ್ಷದ ಕಸ ಹೊಸ ಮನೆಗೆ ಸಾಗಿಸುವುದು ಯಾಕೆ? ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಾದರೂ ಹೋಗುವುದಿಲ್ಲ.

ಅಂಗಡಿಯ ಮಾತು ಬೇರೆ. ಹಳೇ ಪ್ರಿಂಟರಿನ ಡ್ರೈವರ್ ಸಿಡಿ ಎಲ್ಲಿದೆಯೋ, ಪೇಜ್‌ಮೇಕರ್ ಸೀರಿಯಲ್ ನಂಬರ್ ಯಾವ ಡೈರಿಯಲ್ಲಿದೆಯೋ. ಮಾವನದ್ದಕ್ಕೆ ನಕಲೇ ಸರಿ ಅನ್ನಿಸಿತು.

ಆದರೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದೆ. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಅಂತ ಒಂದು ವರ್ಷದ ಯೋಜನೆ ಕೊಟ್ಟಿದ್ದು 2026ರ ಅಕ್ಟೋಬರ್ 13ರ ತನಕ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್. ಐ3-3220 ಮೂರನೇ ತಲೆಮಾರಿನದ್ದು. ಬ್ಯಾಂಕು, ಇಂಟರ್ನೆಟ್ಟು ಅಂತ ಬಳಸುವ ಮನೆ ಕಂಪ್ಯೂಟರಿಗೆ ನಾನು ಈಗ ವಿಂಡೋಸ್ ಬದಲು ಹಾಕಿಕೊಡುವುದು ಲಿನಕ್ಸ್ ಮಿಂಟ್. ಎಸ್‌ಎಸ್‌ಡಿ ಮೇಲೆ ಚೆನ್ನಾಗಿ ಓಡುತ್ತದೆ, ಕನ್ನಡ ಟೈಪಿಂಗ್‌ಗೆ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಮಾವನ ಪೇಜ್‌ಮೇಕರ್ ಯಂತ್ರಕ್ಕೆ ಈಗ ಇಂಟರ್ನೆಟ್ ಇಲ್ಲ. ಫೈಲು ಬರುವುದು ಪೆನ್‌ಡ್ರೈವ್‌ನಲ್ಲಿ.

ಬಯೋಸ್‌ನಲ್ಲಿ ಎಎಚ್‌ಸಿಐ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಎಎಚ್‌ಸಿಐ, ಐಡಿಇ ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ಎರಡು ರೀತಿ, ಐಡಿಇ ಹಳೇದು. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತುತ್ತಾ ಬಯೋಸ್ ಒಳಗೆ ಹೋಗಿ, ಸಾಟಾ ಮೋಡ್ ಅಥವಾ ಸಾಟಾ ಕಾನ್ಫಿಗರೇಷನ್ ಅನ್ನುವುದನ್ನು ಹುಡುಕಿ. ಅಲ್ಲಿ ಎಎಚ್‌ಸಿಐ ಇದ್ದರೆ ಏನೂ ಮುಟ್ಟದೆ ಹೊರಗೆ ಬನ್ನಿ. ಆ ಕಾಲದಲ್ಲಿ ಅಸೆಂಬಲ್ ಮಾಡಿಕೊಟ್ಟವರು ಎಷ್ಟೋ ಸಲ ಐಡಿಇ ಮೋಡ್‌ನಲ್ಲೇ ವಿಂಡೋಸ್ ಹಾಕಿ ಕೊಟ್ಟಿರುತ್ತಾರೆ. ಐಡಿಇಯಲ್ಲಿ ಡ್ರೈವ್‌ಗೆ ಒಂದು ಸಲಕ್ಕೆ ಒಂದೇ ಆರ್ಡರ್. ಎಎಚ್‌ಸಿಐಯಲ್ಲಿ ಹಲವು ಆರ್ಡರ್ ಒಟ್ಟಿಗೆ ತೆಗೆದುಕೊಂಡು ತನಗೆ ಅನುಕೂಲವಾದ ಸಾಲಿನಲ್ಲಿ ಮುಗಿಸುತ್ತದೆ, ಎಸ್‌ಎಸ್‌ಡಿಯ ಕಸುವು ಇರುವುದೇ ಅಲ್ಲಿ.

ಹಾಗಂತ ಸುಮ್ನೆ ಬಯೋಸ್‌ನಲ್ಲಿ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ. ವಿಂಡೋಸ್ 10ರಲ್ಲಿ ಇದಕ್ಕೊಂದು ಉಪಾಯ ಇದೆ. ಸ್ಟಾರ್ಟ್‌ನಲ್ಲಿ ಎಂಎಸ್‌ಕಾನ್ಫಿಗ್ ಅಂತ ಟೈಪ್ ಮಾಡಿ ತೆರೆಯಿರಿ. ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ಶುರುವಾಗುವ ಮೊದಲೇ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ ಸೇವ್ ಮಾಡಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ತನಗೆ ಬೇಕಾದ ಡ್ರೈವರ್ ತಾನೇ ಎತ್ತಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್. ಇದನ್ನು ಹಳೇ ಡಿಸ್ಕಿನ ಮೇಲೇ, ನಕಲು ಮಾಡುವ ಮೊದಲೇ ಮುಗಿಸಿ. ವಿಂಡೋಸ್ 7ರಲ್ಲಿ ರಿಜಿಸ್ಟ್ರಿಗೆ ಕೈ ಹಾಕಬೇಕಾಗುತ್ತದೆ, ಅದರ ಬದಲು ಹೊಸದಾಗಿ ಹಾಕುವುದೇ ಲೇಸು. ಜಿ31, ಜಿ41ರಂಥ ಇನ್ನೂ ಹಳೇ ಬೋರ್ಡುಗಳಲ್ಲಿ ಹೆಚ್ಚಾಗಿ ಎಎಚ್‌ಸಿಐ ಆಯ್ಕೆಯೇ ಇರುವುದಿಲ್ಲ. ಐಡಿಇಯಲ್ಲೇ ಹಾಕಿ, ಆಗಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಡಬ್ಬ ಬಿಚ್ಚಿದ ಮೇಲೆ

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ, ಒಳಗೆ ಉಳಿದ ಕರೆಂಟ್ ಹೋಗಲಿ. ಮೈಯಲ್ಲಿನ ಸ್ಟ್ಯಾಟಿಕ್ ಇಳಿಯಲು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಕಬ್ಬಿಣ ಮುಟ್ಟಿ. ಹಿಂದಿನ ಎರಡು ಸ್ಕ್ರೂ ತೆಗೆದು ಪಕ್ಕದ ತಗಡು ಹಿಂದಕ್ಕೆ ಎಳೆದರೆ ಹತ್ತು ವರ್ಷದ ಧೂಳು ಸ್ವಾಗತ ಮಾಡುತ್ತದೆ. ಪೇಂಟಿಂಗ್ ಬ್ರಷ್‌ನಲ್ಲಿ ಮೆಲ್ಲಗೆ ಸವರಿ ತೆಗೆಯಿರಿ.

ಎಸ್‌ಎಸ್‌ಡಿಗೆ ಎರಡು ವೈರು. ಇಂಗ್ಲಿಷಿನ ಎಲ್ ಆಕಾರದ ಚಿಕ್ಕ ಡೇಟಾ ಕೇಬಲ್ ಬೋರ್ಡಿಗೆ, ಅಗಲದ ಪವರ್ ಕನೆಕ್ಟರ್ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗೆ ಕರೆಂಟ್ ಹಂಚುವ ಡಬ್ಬಿ). ಎರಡೂ ಒಂದೇ ದಿಕ್ಕಿಗೆ ಕೂರುತ್ತವೆ. ಬಲ ಹಾಕಬೇಕಾಗಿ ಬಂದರೆ ಉಲ್ಟಾ ಹಿಡಿದಿದ್ದೀರಿ ಅಂತಲೇ. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಖಾಲಿ ಇಲ್ಲದಿದ್ದರೆ ಡಿವಿಡಿ ಡ್ರೈವ್‌ನದ್ದನ್ನು ಕಿತ್ತುಕೊಳ್ಳಿ, ಅದನ್ನು ಈಗ ಯಾರು ಬಳಸುತ್ತಾರೆ? ನಾಲ್ಕು ಪಿನ್ನಿನ ಹಳೇ ಕನೆಕ್ಟರಿನಿಂದ ಸಾಟಾಗೆ ಬದಲಾಯಿಸುವ ಅಗ್ಗದ ಅಡಾಪ್ಟರುಗಳಲ್ಲಿ, ಪ್ಲಾಸ್ಟಿಕ್ಕಿನೊಳಗೇ ವೈರು ಅಚ್ಚು ಹಾಕಿದಂಥವು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ, ಅವು ಬೇಡ. ಬ್ರಾಕೆಟ್ ಸಿಗದಿದ್ದರೆ ಎರಡು ಬದಿಯ ಟೇಪ್ ಹಚ್ಚಿ ಅಂಟಿಸಿದರೂ ಅಡ್ಡಿಯಿಲ್ಲ. ತಿರುಗುವ ಭಾಗ ಇಲ್ಲ, ನಡುಗುವುದಿಲ್ಲ.

ಎಚ್61ರಲ್ಲಿ ಎಲ್ಲ ಸಾಟಾ ಪೋರ್ಟೂ ಒಂದೇ. ಎಚ್81ರಲ್ಲಿ ಎರಡು ವೇಗದವು, ಎರಡು ನಿಧಾನದವು. ಬಿ75ರಲ್ಲಿ ವೇಗದ್ದು ಒಂದೇ. ಬೋರ್ಡಿನ ಮೇಲೆ ಪೋರ್ಟಿನ ಪಕ್ಕ ಬರೆದಿರುವುದನ್ನು ಟಾರ್ಚ್ ಹಾಕಿ ಓದಿ ಎಸ್‌ಎಸ್‌ಡಿಯನ್ನು ವೇಗದ್ದಕ್ಕೆ ಸಿಕ್ಕಿಸಿ.

ನಕಲು ಮಾಡುವಾಗ

ಕ್ಲೋನ್‌ಝಿಲ್ಲಾವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದ ಬೂಟ್ ಮಾಡಬೇಕು. ಅದಕ್ಕೆ ಮೊದಲು ವಿಂಡೋಸನ್ನು ಪೂರ್ತಿ ಮುಚ್ಚಬೇಕು. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಅರೆನಿದ್ದೆಯಲ್ಲೇ ಇರುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮಳೆ, ಗುಡುಗಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಕ್ಲೋನ್‌ಝಿಲ್ಲಾದ ಪರದೆ ಹಳೇ ಕಾಲದ್ದು, ನೀಲಿ ಚೌಕ, ಬರೀ ಅಕ್ಷರ. ಡಿಸ್ಕಿನಿಂದ ಡಿಸ್ಕಿಗೆ ಅನ್ನುವುದನ್ನು ಆರಿಸಿದ ಮೇಲೆ ಮೊದಲು ಸೋರ್ಸ್, ಆಮೇಲೆ ಟಾರ್ಗೆಟ್ ಕೇಳುತ್ತದೆ. ಇಲ್ಲಿ ನಿಲ್ಲಿ. ಒಂದು ಗುಟುಕು ನೀರು ಕುಡಿಯಿರಿ. ಎರಡೂ 500 ಜಿಬಿ ಆಗಿದ್ದರೆ ಸೈಜು ನೋಡಿ ಗುರುತು ಸಿಗುವುದಿಲ್ಲ. ಹೊಸ ಎಸ್‌ಎಸ್‌ಡಿಯ ಮಾದರಿ ಸಂಖ್ಯೆಯನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದು ಈಗ ಕೆಲಸಕ್ಕೆ ಬರುತ್ತದೆ. ಚೀಟಿಯಲ್ಲಿರುವುದು ಟಾರ್ಗೆಟ್. ಉಲ್ಟಾ ಕೊಟ್ಟರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಅದೂ ಎರಡು ಸಲ ಕೇಳಿ, ನೀವು ಎರಡು ಸಲ ಹೂಂ ಅಂದ ಮೇಲೆ.

ಮಾವನದ್ದು 180 ಜಿಬಿ ತುಂಬಿತ್ತು, ಮುಕ್ಕಾಲು ಗಂಟೆ ಹಿಡಿಯಿತು.

ಮೊದಲ ಸಲ ಆನ್ ಮಾಡುವಾಗ ಒಂದೇ ಡಿಸ್ಕ್

ನಕಲು ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ ಹಳೇ ಹಾರ್ಡ್‌ಡಿಸ್ಕಿನ ಡೇಟಾ ಕೇಬಲ್ ಕಿತ್ತುಬಿಡಿ. ಎಸ್‌ಎಸ್‌ಡಿ ಒಂದೇ ಇರಲಿ. ಎರಡನ್ನೂ ಇಟ್ಟು ಆನ್ ಮಾಡಿದರೆ ಬಯೋಸ್ ಹಳೇ ಚಾಳಿಯಂತೆ ಹಳೇದರಿಂದಲೇ ಬೂಟ್ ಆಗಬಹುದು, ನೀವು "ಏನೂ ವ್ಯತ್ಯಾಸ ಇಲ್ವಲ್ಲ" ಅಂದುಕೊಳ್ಳುತ್ತೀರಿ.

ಹೊಸದಾಗಿ ವಿಂಡೋಸ್ ಹಾಕುವವರಿಗೆ ಈ ನಿಯಮ ಇನ್ನೂ ಮುಖ್ಯ. ಎರಡೂ ಡಿಸ್ಕ್ ಇದ್ದರೆ ಇನ್‌ಸ್ಟಾಲರ್ ಎಷ್ಟೋ ಸಲ ವಿಂಡೋಸನ್ನು ಎಸ್‌ಎಸ್‌ಡಿಗೆ ಹಾಕಿ, ಬೂಟ್ ಆಗಲು ಬೇಕಾದ ಪುಟ್ಟ ಪಾರ್ಟಿಷನ್ನನ್ನು ಹಳೇ ಡಿಸ್ಕಿನಲ್ಲೇ ಉಳಿಸುತ್ತದೆ. ಎಲ್ಲ ಚೆನ್ನಾಗೇ ನಡೆಯುತ್ತದೆ. ಎರಡು ವರ್ಷ ಬಿಟ್ಟು ಹಳೇ ಡಿಸ್ಕ್ ಕೆಟ್ಟ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ.

ಒಂದು ಸಲ ಸರಿಯಾಗಿ ತೆರೆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮತ್ತೆ ತೆರೆಯಿರಿ. ಟ್ರಾನ್ಸ್‌ಫರ್ ಮೋಡ್ ಅನ್ನುವಲ್ಲಿ ಸಾಟಾ/300 ಅಥವಾ ಸಾಟಾ/600 ಅಂತ ಇರುತ್ತದೆ. ವೇಗದ ಪೋರ್ಟ್ ಇದ್ದೂ 300 ತೋರಿಸುತ್ತಿದ್ದರೆ ತಪ್ಪು ಪೋರ್ಟಿಗೆ ಸಿಕ್ಕಿಸಿದ್ದೀರಿ. ವಿಂಡೋಸ್‌ನ ಆಪ್ಟಿಮೈಸ್ ಡ್ರೈವ್ಸ್‌ನಲ್ಲಿ "ಸಾಲಿಡ್ ಸ್ಟೇಟ್ ಡ್ರೈವ್" ಅಂತ ಕಾಣಿಸಿದರೆ ಟ್ರಿಮ್ ಕೆಲಸವನ್ನು, ಅಂದರೆ ಅಳಿಸಿದ ಫೈಲುಗಳ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವುದನ್ನು, ಅದೇ ನೋಡಿಕೊಳ್ಳುತ್ತದೆ. ಹೊರಗಿನ ಡಿಫ್ರಾಗ್ ಸಾಫ್ಟ್‌ವೇರ್ ಇದ್ದರೆ ತೆಗೆದುಹಾಕಿ. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಡಿಸ್ಕಿನ ಜಾಗ) ಬೇರೆ ಡಿಸ್ಕಿಗೆ ಹಾಕಿ, ಅದು ಆಫ್ ಮಾಡಿ, ಇದು ಆಫ್ ಮಾಡಿ ಅನ್ನುವ ಸಲಹೆಗಳನ್ನು ನಾನು ಪಾಲಿಸುವುದಿಲ್ಲ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಪೇಜ್‌ಫೈಲ್ ಎಸ್‌ಎಸ್‌ಡಿ ಮೇಲಿದ್ದರೇ ಲಾಭ. ಶೇಕಡಾ 10-15ರಷ್ಟು ಜಾಗ ಖಾಲಿ ಬಿಡಿ, ಅಷ್ಟು ಸಾಕು. ದುಡ್ಡು ಉಳಿದರೆ ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಹಾಕಿಸಿ. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆಯುವವರ ಕಷ್ಟ ಪೂರ್ತಿ ತೀರುವುದು ಅದರಿಂದ.

ಬಟನ್ ಸೆಲ್ಲಿನ ಕತೆ

ಎಲ್ಲ ಮುಗಿಸಿ ಬೆಂಗಳೂರಿಗೆ ಬಂದು ಒಂದು ವಾರಕ್ಕೆ ಮಾವನ ಫೋನ್. "ಏನೋ ಇದು, ಬೆಳಿಗ್ಗೆಯಿಂದ ನೀಲಿ ಪರದೆ ಬರ್ತಾ ಇದೆ." ಎಸ್‌ಎಸ್‌ಡಿಯೇ ಹೋಯಿತಾ ಅಂತ ಎದೆ ಧಸಕ್ ಅಂದಿತು. ಬಯೋಸ್ ಪರದೆಯ ಫೋಟೋ ಕಳಿಸಿ ಅಂದೆ. ದಿನಾಂಕ ನೋಡಿದರೆ 2012ರ ಜನವರಿ 1. ಹಿಂದಿನ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿದ್ದರು. ಬೋರ್ಡಿನ ಮೇಲಿನ ಸೆಲ್ ಸತ್ತಿತ್ತು, ಬಯೋಸ್ ತನ್ನ ಸೆಟ್ಟಿಂಗ್ ಎಲ್ಲ ಮರೆತು ಹುಟ್ಟಿದಾಗಿನ ಐಡಿಇ ಮೋಡ್‌ಗೆ ವಾಪಸ್ ಹೋಗಿತ್ತು. ಎಎಚ್‌ಸಿಐಗೆ ಒಗ್ಗಿದ್ದ ವಿಂಡೋಸ್ ನೀಲಿಯಾಗದೆ ಇನ್ನೇನು ಮಾಡುತ್ತದೆ. ವಾಚ್ ರಿಪೇರಿ ಅಂಗಡಿಯಿಂದ ಸಿಆರ್2032 ತರಿಸಿ, ಪ್ಲಸ್ ಬರೆದ ಮುಖ ಮೇಲೆ ಬರುವಂತೆ ಹಾಕಿಸಿ, ಫೋನಿನಲ್ಲೇ ಎಎಚ್‌ಸಿಐ ಮಾಡಿಸಿದೆ. ಡಬ್ಬ ಬಿಚ್ಚಿದ್ದಾಗಲೇ ಹಾಕಿದ್ದರೆ ಒಂದು ನಿಮಿಷದ ಕೆಲಸ.

ಹಳೇ ಡಿಸ್ಕನ್ನು ಕೂಡಲೇ ಅಳಿಸಬೇಡಿ. ಎರಡು ಮೂರು ವಾರ ಎಲ್ಲ ಕೆಲಸವೂ ಎಸ್‌ಎಸ್‌ಡಿ ಮೇಲೆ ನಡೆದು, ಪ್ರಿಂಟರ್, ಸ್ಕ್ಯಾನರ್, ಟ್ಯಾಲಿ, ನುಡಿ ಎಲ್ಲ ಒಂದೊಂದು ಸಲ ತೆರೆದು ನೋಡಿದ ಮೇಲೆ ಫಾರ್ಮ್ಯಾಟ್ ಮಾಡಿ, ಬ್ಯಾಕಪ್‌ಗೆ ಅಂತ ಮತ್ತೆ ಜೋಡಿಸಿ. ಎಸ್‌ಎಸ್‌ಡಿ ಕೆಟ್ಟರೆ ಹಾರ್ಡ್‌ಡಿಸ್ಕಿನಂತೆ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ, ಅಳಿಸಿದ ಫೈಲನ್ನು ಟ್ರಿಮ್ ಆದ ಮೇಲೆ ವಾಪಸ್ ತರುವುದೂ ಹೆಚ್ಚುಕಮ್ಮಿ ಆಗದ ಮಾತು. ಮಾವ ಮಾತ್ರ ಫಾರ್ಮ್ಯಾಟ್ ಮಾಡಲು ಬಿಡಲಿಲ್ಲ. ಹಳೇ ಡಿಸ್ಕನ್ನು ಲ್ಯಾಮಿನೇಷನ್ ಕವರಿನಲ್ಲಿ ಹಾಕಿ, ಮೇಲೆ "ಪತ್ರಿಕೆಗಳು, 2013ರಿಂದ" ಅಂತ ಬರೆದು ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ಬ್ಯಾಕಪ್‌ಗೆ ಬೇರೆ ಡಿಸ್ಕ್ ತರಲು ನನಗೇ ಹೇಳಿದ್ದಾರೆ.